ಹಡಗಿನ ಶೇಕ್ದಾರರು

ಕಡಲನ್ನು ದಾಟುವುದು ಪತನಕ್ಕೆ ಹೇತುವಾದ ಕರ್ಮಗಳಲ್ಲಿ ಒಂದೆಂದು ಬೌಧಾಯನ ಧರ್ಮಸೂತ್ರವು ಎಣಿಸಿ, ಹಾಗೆ ದಾಟಿ ಬಂದವನು ನಾಲ್ಕು ಹೊತ್ತಿಗೊಮ್ಮೆ ಮಿತವಾಗಿ ಉಂಡು, ಹಗಲೆಲ್ಲ ನಿಂತು, ಇರುಳೆಲ್ಲ ಕುಳಿತು, ಮೂರು ವರ್ಷಗಳನ್ನು ಕಳೆದರೆ ಮಾತ್ರ ಶುದ್ಧನಾಗುವನೆಂದು ವಿಧಿಸಿದೆ. ಈ ವಿಧಿಯನ್ನು ಓದಿದ ಆಧುನಿಕರು ಅದರಲ್ಲಿ ಕೂಪಮಂಡೂಕತ್ವವನ್ನೂ ಪರದೇಶದ್ವೇಷವನ್ನೂ ಕಂಡು ಮೂಗು ಮುರಿಯುವುದುಂಟು. ಆದರೆ ನಮ್ಮ ಜಗಳೂರಿನ ನಿವೃತ್ತ ಶೇಕ್ದಾರರು ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬಂದುದನ್ನು ಕಂಡವರಿಗೆ, ಆ ಸೂತ್ರಕಾರನು ಎಷ್ಟು ಲೋಕಾನುಭವಿಯೂ ದಯಾಳುವೂ ಆಗಿದ್ದನೆಂಬುದು ಮನದಟ್ಟಾಗದೆ ಇರದು. ನಾಲ್ಕು ಹೊತ್ತಿಗೊಮ್ಮೆ ಉಣ್ಣುವವನಿಗೆ, ಇರುಳು ನಿದ್ದೆಯಿಲ್ಲದವನಿಗೆ, ತಾನು ಕಂಡ ಕಡಲನ್ನು ವರ್ಣಿಸುವ ತ್ರಾಣವೆಲ್ಲಿಂದ ಬಂದೀತು? ಆ ಪ್ರಾಯಶ್ಚಿತ್ತವು ಹೋಗಿಬಂದವನ ಪಾಪಶಮನಕ್ಕಿಂತ ಹೆಚ್ಚಾಗಿ ಊರಿನಲ್ಲಿ ಉಳಿದವರ ಕರ್ಣರಕ್ಷಣೆಗಾಗಿ ಹುಟ್ಟಿದ್ದಿರಬೇಕು. ಈಚೆಗೆ ಧರ್ಮವು ಸಡಿಲವಾಗಿ, ಯಾನ ಮಾಡಿದವನು ಮೂರು ಹೊತ್ತೂ ಉಂಡು ಗಟ್ಟಿಯಾಗಿ ಮಾತನಾಡುತ್ತಾನೆ. ಪ್ರಾಯಶ್ಚಿತ್ತವು ಕೇಳುವವರ ಪಾಲಿಗೆ ಬಂದಿದೆ.

ಜಗಳೂರು ಸೀಮೆಯನ್ನು ಬಲ್ಲವರಿಗೆ ಇಲ್ಲಿ ಸಮುದ್ರಯಾನಿ ಎಂಬವನು ಎಂತಹ ಅಪೂರ್ವ ಪ್ರಾಣಿಯೆಂಬುದನ್ನು ವಿವರಿಸಬೇಕಾಗಿಲ್ಲ. ಹಳೆಯ ಚಿತ್ರದುರ್ಗ ಜಿಲ್ಲೆಯಲ್ಲಿದ್ದು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ಈ ತಾಲ್ಲೂಕು ಜಿಲ್ಲೆಯನ್ನು ಬದಲಿಸಿತೇ ಹೊರತು ಆಕಾಶವನ್ನು ಬದಲಿಸಲಿಲ್ಲ. ಬೋರು ಕೊರೆಸಿದರೆ ಧೂಳು ಬರುತ್ತದೆ. ದೈವಕೃಪೆಯಿಂದ ನೀರೇ ಬಂದರೂ ಅದರಲ್ಲಿ ಫ್ಲೋರೈಡು ಇರುತ್ತದೆ. ಕೆರೆ ಕೋಡಿ ಬಿದ್ದ ವರ್ಷವನ್ನು ಇಲ್ಲಿನ ವೃದ್ಧರು ತಮ್ಮ ಮದುವೆಯ ವರ್ಷಕ್ಕಿಂತ ಖಚಿತವಾಗಿ ನೆನಪಿಟ್ಟುಕೊಂಡಿರುತ್ತಾರೆ. ಸಮುದ್ರದೊಡನೆ ನಮ್ಮವರಿಗಿದ್ದ ಸಂಬಂಧವೆಲ್ಲವೂ ಆಕಾಶವಾಣಿಯ ಹವಾವರ್ತಮಾನದ ಮೂಲಕ ಬಂದದ್ದು: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಶೇಂಗಾ ಕಿತ್ತು ಹರಗಿದವನು ಬೈಯುವುದು, ಕುಸಿಯಲಿಲ್ಲವೆಂದರೆ ಇನ್ನೂ ಕೀಳದವನು ಬೈಯುವುದು. ಇಷ್ಟಕ್ಕೆ ಮೀರಿ ಸಮುದ್ರವನ್ನು ಯಾರೂ ವಿಚಾರಿಸಿದವರಲ್ಲ.

ಇಂತಹ ಊರಿನಲ್ಲಿ ನಮ್ಮ ಕಥಾನಾಯಕರು ಕಂದಾಯ ಇಲಾಖೆಯಲ್ಲಿ ಜೀವಮಾನವನ್ನು ಸವೆಸಿದವರು. ಸರಕಾರವು ಅವರ ಹುದ್ದೆಯನ್ನು ರೆವಿನ್ಯೂ ಇನ್ಸ್‌ಪೆಕ್ಟರ್ ಎಂದು ಕರೆದರೂ ನಮ್ಮ ಹಿರಿಯರು ಹಳೆಯ ರೂಢಿಯಂತೆ ಶೇಕ್ದಾರರೆಂದೇ ಕರೆದರು. ಆ ಹೆಸರು ನಿವೃತ್ತಿಯಾದ ಮೇಲೂ ಪಿಂಚಣಿಯಂತೆ ಅವರೊಡನೆ ಉಳಿಯಿತು. ಕಸಬಾ, ಸೊಕ್ಕೆ, ಬಿಳಿಚೋಡು ಎಂಬ ಮೂರು ಹೋಬಳಿಗಳಲ್ಲಿ ಅವರು ತುಳಿಯದ ಬದುವಿಲ್ಲ, ಬರೆಯದ ಬರಗಾಲದ ವರದಿಯಿಲ್ಲ. ಪ್ರಪಂಚದಲ್ಲಿರುವುದೆಲ್ಲವೂ ಒಂದೋ ಖುಷ್ಕಿ, ಒಂದೋ ತರಿ, ಒಂದೋ ಬಾಗಾಯ್ತು, ಇಲ್ಲವೆ ಖರಾಬು ಎಂಬುದು ಅವರ ತತ್ತ್ವಶಾಸ್ತ್ರದ ಸಾರ. ಮಗನು ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುವವನು. ತಂದೆತಾಯಿಗಳು ಕಾಶಿ ರಾಮೇಶ್ವರಗಳನ್ನು ಈಗಾಗಲೆ ಮುಗಿಸಿದ್ದರಾಗಿ, ಉಳಿದ ದಿಕ್ಕುಗಳನ್ನು ಹುಡುಕಿ, ಲಕ್ಷದ್ವೀಪದ ಆಡಳಿತವು ಎಂ.ವಿ. ಕವರತ್ತಿ ಎಂಬ ಹಡಗಿನಲ್ಲಿ ನಡೆಸುತ್ತಿದ್ದ ‘ಸಮುದ್ರಂ’ ಎಂಬ ಐದು ದಿನಗಳ ಯಾನಕ್ಕೆ ಟಿಕೀಟು ತೆಗೆದುಬಿಟ್ಟನು. ತಾವಿಬ್ಬರೇ ಹೋಗಲು ಅಂಜಿದ ಶೇಕ್ದಾರರು ನಮ್ಮ ದಂಪತಿಗಳನ್ನೂ ಹೊರಡಿಸಿದರು. ನಾವೂ ಅದೇ ಹಡಗಿನಲ್ಲಿದ್ದೆವೆಂಬುದು ಈಗ ಊರಿನಲ್ಲಿ ಯಾರಿಗೂ ನೆನಪಿಲ್ಲ. ಶೇಕ್ದಾರರಿಗೇ ಆಗಾಗ ಮರೆತುಹೋಗುತ್ತದೆ.

ಲಕ್ಷದ್ವೀಪಕ್ಕೆ ಕಾಲಿಡಬೇಕಾದರೆ ಪರ್ಮಿಟ್ಟು ಬೇಕೆಂಬುದನ್ನು ಕೇಳಿ ಇತರ ಪ್ರಯಾಣಿಕರು ಗೊಣಗಿಕೊಂಡರೆ, ನಮ್ಮವರು ಮಾತ್ರ ಆ ನಾಡಿನ ಬಗ್ಗೆ ಮೊದಲ ಗೌರವವನ್ನು ತಾಳಿದರು. ಅರ್ಜಿ, ಭಾವಚಿತ್ರ, ಠಾಣೆಯ ದಾಖಲೆ, ಪ್ರತಿಗಳು ಎಲ್ಲವನ್ನೂ ಅಚ್ಚುಕಟ್ಟಾಗಿ ಹೊಲಿದು ಕಡತ ಮಾಡಿಕೊಂಡು, ಎರ್ನಾಕುಳಂ ನಿಲ್ದಾಣದಿಂದ ವಿಲಿಂಗ್ಡನ್ ದ್ವೀಪದ ಧಕ್ಕೆಗೆ ಬಂದಿಳಿದರು. ಕೊಚ್ಚಿಯ ಬಂದರನ್ನು ಆಳಗೊಳಿಸುವಾಗ ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರನು ಎತ್ತಿಸಿದ ಹೂಳಿನಿಂದಲೇ ಈ ದ್ವೀಪವು ನಿರ್ಮಾಣವಾಯಿತೆಂಬ ಸಂಗತಿಯನ್ನು ನಾನು ತಿಳಿಸಿದಾಗ, ಶೇಕ್ದಾರರು ನಡೆಯುತ್ತಿದ್ದವರು ನಿಂತು, ಕಾಲ ಕೆಳಗಿನ ನೆಲವನ್ನು ದಿಟ್ಟಿಸಿ, “ಏನಂದ್ರಿ ಮೇಷ್ಟ್ರೇ? ಹೂಳೆತ್ತಿದ ಮಣ್ಣಾ ಇದು? ನಮ್ಮಲ್ಲಿ ಹೂಳೆತ್ತಿದ್ರೆ ಬಿಲ್ಲು ಏಳ್ತತಿ. ಇಲ್ಲಿ ಊರೇ ಎದ್ದೈತಲ್ರೀ!” ಎಂದು ಉದ್ಗರಿಸಿದರು. ಅವರ ಮಟ್ಟಿಗೆ ಯಾತ್ರೆಯು ಅಲ್ಲಿಯೇ ಸಾರ್ಥಕವಾಯಿತು. ಮುಂದೆ ಕಂಡ ಯಾವ ನೀಲಸಮುದ್ರವೂ ಅವರನ್ನು ಅಷ್ಟು ಕಲಕಲಿಲ್ಲ.

ಏಳುನೂರರಷ್ಟು ಜನರನ್ನು ಹೊರಬಲ್ಲ ಆ ಹಡಗು ವಿಶಾಖಪಟ್ಟಣದಲ್ಲಿ ಕಟ್ಟಲ್ಪಟ್ಟದ್ದು. ನಮಗೆ ಅದು ಮಹಾಸೌಧವಾಗಿ ಕಂಡರೂ ಜಗತ್ತಿನ ವಿಹಾರನೌಕೆಗಳ ನಡುವೆ ಚಿಕ್ಕದೆಂದೇ ಹೇಳಬೇಕು. ನರ್ತನಶಾಲೆಗಳೂ ಜೂಜುಕಟ್ಟೆಗಳೂ ಇರುವ ದೊಡ್ಡ ನೌಕೆಗಳಂತಲ್ಲದೆ ಇದು ದ್ವೀಪವಾಸಿಗಳನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ತಿರುಗುವ ದುಡಿಮೆಯ ಹಡಗು. ಯಾತ್ರಿಕರು ಇದರಲ್ಲಿ ಅತಿಥಿಗಳು. ಇರುಳೆಲ್ಲ ಚಲಿಸಿ ಹಗಲು ಒಂದೊಂದು ದ್ವೀಪದ ಮುಂದೆ ನಿಲ್ಲುವುದು ಅದರ ಕ್ರಮ. ಹೊರಡುವ ಮುನ್ನ ಜೀವರಕ್ಷಕ ಅಂಗಿಯನ್ನು ತೊಡುವ ಬಗೆಯನ್ನು ತೋರಿಸಿದರು. ತೋರಿಸಿದವರು ಬಿಚ್ಚಿಟ್ಟು ಹೋದ ಮೇಲೂ ಶೇಕ್ದಾರರು ಆ ಕಿತ್ತಳೆ ಬಣ್ಣದ ಅಂಗಿಯನ್ನು ಕಳಚದೆ, ಅದನ್ನೇ ತೊಟ್ಟು ರಾತ್ರಿಯ ಊಟಕ್ಕೆ ಕುಳಿತು, ತಟ್ಟೆ ಕಾಣದೆ ಕೈಯಂದಾಜಿನಿಂದ ಉಂಡೆದ್ದರು.

ದಡವು ಕಣ್ಣಿಗೆ ಮರೆಯಾದಾಗ ಎಲ್ಲರೂ ಮೇಲಟ್ಟಕ್ಕೆ ಬಂದು ಮೌನವಾಗಿ ನಿಂತೆವು. ಕವಿಯಾದವನು ಅಂತಹ ಹೊತ್ತಿನಲ್ಲಿ ಸುಮ್ಮನಿರಲಾರನು. ವಿನಾಯಕ ಕೃಷ್ಣ ಗೋಕಾಕರು ವಿಲಾಯತಿಗೆ ಹಡಗೇರಿ ಹೋಗಿಬಂದು ‘ಸಮುದ್ರಗೀತೆಗಳು’ ಎಂಬ ಸಂಕಲನವನ್ನೇ ಕನ್ನಡಕ್ಕೆ ಕೊಟ್ಟರು. ನಮ್ಮ ಶೇಕ್ದಾರರು ಜೇಬಿನಿಂದ ಡೈರಿಯನ್ನು ತೆಗೆದು ಮಹಜರು ಬರೆದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ: “ಚಕ್ಕುಬಂದಿ. ಪೂರ್ವಕ್ಕೆ: ನೀರು. ಪಶ್ಚಿಮಕ್ಕೆ: ಸದರಿ. ಉತ್ತರಕ್ಕೆ: ಸದರಿ. ದಕ್ಷಿಣಕ್ಕೆ: ಸದರಿ. ಒತ್ತುವರಿ: ಕಂಡುಬಂದಿಲ್ಲ. ಆಕಾರ: ಗೊತ್ತುಪಡಿಸಿಲ್ಲ.” ಬರೆದು ಮುಗಿಸಿ, ಕೈಕಂಬಿಯ ಬಳಿ ನಿಂತಿದ್ದ ಹಡಗಿನ ನೌಕರನೊಬ್ಬನನ್ನು ಕರೆದು, ಹಿಂದಿ, ಕನ್ನಡ, ಹಸ್ತಮುದ್ರೆಗಳನ್ನು ಬೆರೆಸಿ, “ಇಷ್ಟು ನೀರು ಬರ್ತತಲ್ಲಪ್ಪಾ, ಇದರ ಕೋಡಿ ಎಲ್ಲೈತಿ?” ಎಂದು ಕೇಳಿದರು. ಆತನು ಶೌಚಾಲಯವನ್ನು ಕೇಳುತ್ತಿರುವರೆಂದು ತಿಳಿದು ಕೆಳಗಿನ ಅಂತಸ್ತನ್ನು ತೋರಿಸಿದನು. ಶೇಕ್ದಾರರು ಆ ಉತ್ತರದಿಂದ ತೃಪ್ತರಾದಂತೆ ಕಂಡಿತು.

ಮಧ್ಯರಾತ್ರಿಯ ವೇಳೆಗೆ ಕಡಲು ತನ್ನ ಪರಿಚಯವನ್ನು ತಾನೇ ಹೇಳತೊಡಗಿತು. ಒಳಗಿವಿಯಲ್ಲಿರುವ ದ್ರವವು ದೇಹವು ತೂಗುತ್ತಿದೆಯೆಂದು ಮೆದುಳಿಗೆ ತಿಳಿಸುತ್ತದೆ. ಕೋಣೆಯ ಗೋಡೆಯನ್ನು ನೋಡುತ್ತಿರುವ ಕಣ್ಣು ಎಲ್ಲವೂ ಸ್ಥಿರವಾಗಿದೆಯೆಂದು ತಿಳಿಸುತ್ತದೆ. ಎರಡು ಇಲಾಖೆಗಳು ಒಂದೇ ವಿಷಯವಾಗಿ ಪರಸ್ಪರ ವಿರುದ್ಧವಾದ ವರದಿಗಳನ್ನು ಕಳುಹಿಸಿದಾಗ ಎಂದಿನಂತೆ ಪೆಟ್ಟು ಬೀಳುವುದು ಕೆಳಗಿನ ಕಚೇರಿಗೆ, ಅಂದರೆ ಹೊಟ್ಟೆಗೆ. ದಿಗಂತವು ಕಾಣುವಂತೆ ಬಯಲಿನಲ್ಲಿ, ಹಡಗಿನ ನಡುಭಾಗದಲ್ಲಿ ಕುಳಿತರೆ ಕಣ್ಣೂ ಕಿವಿಯೂ ರಾಜಿಯಾಗುತ್ತವೆಂದು ಬಲ್ಲವರು ಹೇಳಿದರು. ಆದರೆ ಶೇಕ್ದಾರರು ಬಲ್ಲವರ ಮಾತನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಊರಿನಿಂದ ತಂದಿದ್ದ ಒಣರೊಟ್ಟಿ, ಗುರೆಳ್ಳು ಚಟ್ನಿಪುಡಿಗಳನ್ನು ಅನುಕ್ರಮವಾಗಿ ವರುಣದೇವನಿಗೆ ಒಪ್ಪಿಸಿ, ಬರಿದಾದ ದೇಹದಿಂದ ಅಟ್ಟಮಂಚದ ಮೇಲೆ ಬಿದ್ದು, ತಮ್ಮ ಆಸ್ತಿಯ ವಿಭಾಗವನ್ನು ಕುರಿತು ಮಾತನಾಡತೊಡಗಿದರು. ಅವರ ಮನೆಯವರಾದರೋ, ಹುಟ್ಟಿದಂದಿನಿಂದ ಬಾವಿ, ಬೋರು, ಟ್ಯಾಂಕರುಗಳ ಹಿಂದೆ ಕೊಡ ಹೊತ್ತು ತಿರುಗಿದವರಾದುದರಿಂದಲೋ ಏನೋ, ತೂಗುವ ನೆಲದ ಮೇಲೆಯೂ ನೆಟ್ಟಗೆ ನಡೆಯುತ್ತಿದ್ದರು. “ಸುಮ್ಕೆ ಮಲಕ್ಕಳ್ರಿ. ಸಮುದ್ರ ತನ್ನ ಪಾಡಿಗೆ ತಾನೈತಿ. ಪಾಲು ಪಂಚಾಯ್ತಿ ಊರಿಗೆ ಹೋದ ಮ್ಯಾಲೆ ನೋಡೋಣಂತೆ,” ಎಂದು ಹೇಳಿ, ನಿಂಬೆಹಣ್ಣನ್ನು ಅವರ ಮೂಗಿಗೆ ಹಿಡಿದು, ತಾವು ಮೇಲಕ್ಕೆ ಹೋಗಿ ಬಹಳ ಹೊತ್ತು ಕಡಲನ್ನು ನೋಡುತ್ತ ಕುಳಿತರು. ಆ ತಾಯಿ ಅಲ್ಲಿ ಏನನ್ನು ಕಂಡರೆಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅವರನ್ನು ಯಾರೂ ಕೇಳಿಯೂ ಇಲ್ಲ.

ಮರುದಿನ ಹೊಟ್ಟೆ ನೆಟ್ಟಗಾದೊಡನೆ ನಾಲಗೆಯೂ ನೆಟ್ಟಗಾಯಿತು. ಸಹಪ್ರಯಾಣಿಕರಲ್ಲಿ ಗುಜರಾತಿಗಳಿದ್ದರು, ಬಂಗಾಳಿಗಳಿದ್ದರು, ಪುಣೆಯ ವೃದ್ಧ ದಂಪತಿಗಳಿದ್ದರು. ಡಾಲ್ಫಿನ್ನುಗಳು ಕಾಣಿಸಿಯಾವೆಂದು ಅವರೆಲ್ಲ ದುರ್ಬೀನು ಹಿಡಿದು ನಿಂತಿದ್ದರೆ, ಶೇಕ್ದಾರರು ಅವರಿಗೆ ಜಗಳೂರನ್ನು ವರ್ಣಿಸುತ್ತಿದ್ದರು. ನಾಲ್ಕು ಕೊಂಬಿನ ಕೊಂಡುಕುರಿಗಳಿಗಾಗಿ ನಮ್ಮ ರಂಗಯ್ಯನದುರ್ಗದಲ್ಲಿ ಅಭಯಾರಣ್ಯವಿರುವುದು, 1957ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿ ಹೋದ ಜೆ. ಮಹಮ್ಮದ್ ಇಮಾಂ ಅವರು ನಮ್ಮೂರಿನವರೆಂಬುದು, ಕೊಡದಗುಡ್ಡದ ವೀರಭದ್ರಸ್ವಾಮಿಯ ಮಹಿಮೆ, ಹರಿಹರದ ಬಳಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಯ ಕೊಳವೆಗಳು ಹಾದುಹೋಗುವ ದಾರಿ, ಇವೆಲ್ಲವೂ ಅರಬ್ಬೀ ಸಮುದ್ರದ ನಡುವೆ ಸವಿಸ್ತಾರವಾಗಿ ನಿರೂಪಿತವಾದವು. ಊಟದ ಸಾಲಿನಲ್ಲಿ ಕುಸುಬಲಕ್ಕಿಯ ಅನ್ನವು ಬಂದಾಗ ಜೋಳದ ಪ್ರಶಂಸೆಯೂ, ಸಂಜೆಯ ಚಹಾ ಬಂದಾಗ ಮಂಡಕ್ಕಿ ಮೆಣಸಿನಕಾಯಿಯ ಧ್ಯಾನವೂ ನಡೆಯಿತು. ಡಾಲ್ಫಿನ್ನುಗಳು ಒಂದೆರಡು ಸಲ ನೆಗೆದುವಂತೆ. ಆ ಸಮಯದಲ್ಲಿ ಶೇಕ್ದಾರರು ಆ ದಿಕ್ಕಿಗೆ ಬೆನ್ನು ಮಾಡಿ, ಪುಣೆಯ ವೃದ್ಧರಿಗೆ ಬಗರ್‌ಹುಕುಂ ಸಾಗುವಳಿಯ ನಿಯಮಗಳನ್ನು ತಿಳಿಸುತ್ತಿದ್ದರು.

ಹವಳದ ದಿಬ್ಬಗಳು ದ್ವೀಪಗಳನ್ನು ಸುತ್ತುವರಿದಿರುವುದರಿಂದ ಹಡಗು ದಡಕ್ಕೆ ಹೋಗಲಾರದು. ಹೊರಗಡಲಿನಲ್ಲೇ ನಿಂತು ಪಕ್ಕದ ಬಾಗಿಲನ್ನು ತೆರೆಯುತ್ತದೆ. ಕೆಳಗೆ ಯಂತ್ರದ ದೋಣಿಯೊಂದು ಅಲೆಯೊಡನೆ ಏರುತ್ತಲೂ ಇಳಿಯುತ್ತಲೂ ಕಾದಿರುತ್ತದೆ. ಅದು ಏರಿದ ಕ್ಷಣಕ್ಕೆ ಸರಿಯಾಗಿ ಅಂಬಿಗರು ರಟ್ಟೆ ಹಿಡಿದು ಎಳೆದುಕೊಳ್ಳಬೇಕು, ನಾವು ಕಾಲಿಟ್ಟುಬಿಡಬೇಕು. ಯಾವ ಕಾಗದಕ್ಕೂ ಮೂರು ಸಲ ಓದದೆ ರುಜು ಹಾಕಿ ಅಭ್ಯಾಸವಿಲ್ಲದ ಶೇಕ್ದಾರರು ಒಂದು ಪಾದವನ್ನು ಆಕಾಶದಲ್ಲಿ ಚಾಚಿ, “ಈಗಲಾ? ಈಗಲಾ?” ಎಂದು ವಿಚಾರಣೆ ನಡೆಸುತ್ತಿರುವಷ್ಟರಲ್ಲಿ ದೋಣಿಯು ಹಲವು ಸಲ ಬಂದು ಹಲವು ಸಲ ಹೋಯಿತು. ಕೊನೆಗೆ ಇಬ್ಬರು ಅಂಬಿಗರು ಮಾತಿಲ್ಲದೆ ಅವರನ್ನು ಎತ್ತಿ ದೋಣಿಯೊಳಗೆ ಇರಿಸಿದರು. “ಕಲೆಕ್ಟರ್ ಬಂದಾಗ್ಲೂ ಹಿಂಗೇ ಇಳಿಸ್ತಾರಂತೆ,” ಎಂದು ಅವರು ದಡದಲ್ಲಿ ನನಗೆ ತಿಳಿಸಿದರು.

ಕವರತ್ತಿಯಲ್ಲಿ ಅವರಿಗೆ ಒಂದು ಗಂಭೀರವಾದ ಅನುಭವವಾಯಿತೆಂದು ನಾನು ಒಪ್ಪಿಕೊಳ್ಳಲೇಬೇಕು. 36 ದ್ವೀಪಗಳೂ ಸೇರಿ ಕೇವಲ 32 ಚದರ ಕಿಲೋಮೀಟರುಗಳಾಗುವ, ನಮ್ಮ ಒಂದು ಹೋಬಳಿಯ ಮೂಲೆಯಲ್ಲಿ ಅಡಗಿಹೋಗುವ, ಒಂದಾದರೂ ನದಿಯಿಲ್ಲದ ಆ ನಾಡಿನಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆಂಬುದು ಅವರ ಮೊದಲ ಪ್ರಶ್ನೆ. ಬಿದ್ದ ಮಳೆಯು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತಿರುತ್ತದೆ. ಬಾವಿಯಿಂದ ಹದವರಿತು ಸೇದಿದರೆ ಸಿಹಿ, ಆಸೆಗೆ ಬಿದ್ದು ಎಳೆದರೆ ಕೆಳಗಿನ ಕಡಲೇ ಮೇಲೆದ್ದು ಬರುತ್ತದೆ. ಅದು ಸಾಲದೆ 2005ರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅಲ್ಲಿ ಒಂದು ಸ್ಥಾವರವನ್ನು ಕಟ್ಟಿದರು: ಕಡಲ ಮೇಲ್ಪದರದ ಬೆಚ್ಚನೆಯ ನೀರನ್ನು ಗಾಳಿ ತೆಗೆದ ಕೊಠಡಿಗೆ ಹಾಯಿಸಿದರೆ ಒಂದು ಭಾಗವು ಬೆಂಕಿಯಿಲ್ಲದೆಯೇ ಆವಿಯಾಗುತ್ತದೆ, ಆ ಆವಿಯನ್ನು ನೂರಾರು ಮೀಟರು ಆಳದಿಂದ ಎತ್ತಿದ ತಣ್ಣೀರಿನಿಂದ ತಂಪುಗೊಳಿಸಿದರೆ ದಿನಕ್ಕೆ ಲಕ್ಷ ಲೀಟರಿನಷ್ಟು ಸಿಹಿನೀರು ಇಳಿಯುತ್ತದೆ. ಇದನ್ನೆಲ್ಲ ದ್ವೀಪದ ಯುವಕನೊಬ್ಬನಿಂದ ಕೇಳಿದ ಶೇಕ್ದಾರರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಆ ಯುವಕನ ಹೆಗಲ ಮೇಲೆ ಕೈಯಿಟ್ಟು, ಅವನಿಗೆ ಅರ್ಥವಾಗುವುದೋ ಇಲ್ಲವೋ ಎಂಬ ಚಿಂತೆಯನ್ನು ಬಿಟ್ಟು, “ತಮ್ಮಾ, ಯಾರೇನೇ ಹೇಳ್ಲಿ, ಬೋರು ಮಾತ್ರ ಕೊರಸಬ್ಯಾಡ್ರಿ,” ಎಂದರು. ಇಡೀ ಯಾತ್ರೆಯಲ್ಲಿ ಅವರು ಪರರ ಹಿತಕ್ಕಾಗಿ ಆಡಿದ ಮಾತು ಇದೊಂದೇ. ಅದು ನಮ್ಮ ಮೂರು ಹೋಬಳಿಗಳ ಅನುಭವದಿಂದ ತೂಗಿಬಂದ ಮಾತಾಗಿತ್ತು.

ಕಲ್ಪೇನಿಯಲ್ಲಿ ಗಾಜಿನ ತಳದ ದೋಣಿಯಲ್ಲಿ ಕೂರಿಸಿ ಹವಳದ ತೋಟಗಳನ್ನು ತೋರಿಸಿದರು. ಅದು ಬಾಗಾಯ್ತೆಂದು ದಾಖಲಾಯಿತು. ಮಿನಿಕಾಯಿಯಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ಏದುಸಿರು ಬಿಡುತ್ತ ಏರಿ, ಬಾಲಚಂದ್ರಾಕಾರದ ದ್ವೀಪವನ್ನೆಲ್ಲ ಒಂದೇ ನೋಟಕ್ಕೆ ಕಂಡು, “ಈಗ ಸಿಕ್ತು ನೋಡ್ರಿ ಸ್ಕೆಚ್ಚು!” ಎಂದು ನಿಟ್ಟುಸಿರಿಟ್ಟರು. ಅಲ್ಲಿನ ಪ್ರತಿ ಹಳ್ಳಿಗೂ ಬೊಡುಕಾಕನೆಂಬ ಮುಖಂಡನಿರುವನೆಂದು ತಿಳಿದಾಗ ಅವರಿಗೆ ನಮ್ಮ ಪಟೇಲರ ಕಾಲವು ನೆನಪಾಗಿ ಕಣ್ಣು ತುಂಬಿತು. ಆದರೆ ಅವರನ್ನು ಪರಮಾನಂದಗೊಳಿಸಿದ ಸುದ್ದಿಯೆಂದರೆ, ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೆ ಸೇರಿದ್ದು, ಮಂಗಳೂರಿನ ಕಲೆಕ್ಟರರ ಕೈಕೆಳಗಿದ್ದುವೆಂಬುದು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ ಅಕ್ಕಿಯನ್ನು ಒಯ್ಯುತ್ತಿದ್ದ ಕಾಲವೊಂದಿತ್ತು. “ಅಂದ್ರೆ ಕಡತಗಳು ನಮ್ಮಲ್ಲೇ ಅದಾವು!” ಎಂದು ಶೇಕ್ದಾರರು ಎದೆಯುಬ್ಬಿಸಿದರು. ಅಂದಿನಿಂದ ಅವರು ಹಡಗಿನಲ್ಲಿ ಪ್ರವಾಸಿಯಂತೆ ನಡೆಯದೆ ತನಿಖೆಗೆ ಬಂದ ಅಧಿಕಾರಿಯಂತೆ ನಡೆದರು.

ಊರಿಗೆ ಮರಳಿದ ಮೇಲೆ ಸಂಭವಿಸಿದ ವಿಪರ್ಯಾಸವನ್ನು ವಾಚಕರು ಆಗಲೇ ಊಹಿಸಿರಬಹುದು. ಕಡಲ ಮೇಲೆ ಜಗಳೂರನ್ನಲ್ಲದೆ ಬೇರೇನನ್ನೂ ಮಾತನಾಡದಿದ್ದವರು ಜಗಳೂರಿನಲ್ಲಿ ಕಡಲನ್ನಲ್ಲದೆ ಬೇರೇನನ್ನೂ ಮಾತನಾಡರು. ಮನೆಯ ತಾರಸಿಗೆ ಡೆಕ್ಕು ಎಂಬ ಹೆಸರಾಯಿತು. ಹೋಟೆಲಿನ ಬೆಂಚಿನ ಮೇಲೆ ಜಾಗ ಬೇಕಾದರೆ, “ಸ್ವಲ್ಪ ಪೋರ್ಟ್ ಸೈಡಿಗೆ ಸರ್ಕಳ್ರಿ,” ಎನ್ನುತ್ತಾರೆ. ಎಡವೋ ಬಲವೋ ತಿಳಿಯದೆ ಕುಳಿತವರು ಎದ್ದೇ ಹೋಗುತ್ತಾರೆ. ಕರೆಂಟು ಹೋದರೆ ಹಡಗಿನ ಜನರೇಟರಿನ ಮಹಿಮೆ, ಬಸ್ಸು ಕುಲುಕಿದರೆ ಅಲೆಗಳ ಮಹಿಮೆ. ಬೆಳೆಯ ಆಣೆವಾರಿಯನ್ನು ಪರಿಹಾರಕ್ಕೆ ತಕ್ಕಂತೆ ಇಳಿಸಿ ಬರೆದು ರೂಢಿಯಾದ ಕೈಯೇ ಈಗ ಅಲೆಗಳ ಆಣೆವಾರಿಯನ್ನು ಸಭೆಗೆ ತಕ್ಕಂತೆ ಏರಿಸಿ ಬರೆಯುತ್ತಿರುವುದರಿಂದ, ಯುಗಾದಿಯ ಹೊತ್ತಿಗೆ ಮೊಳಕಾಲೆತ್ತರವಿದ್ದ ಅಲೆಯು ದೀಪಾವಳಿಯ ಹೊತ್ತಿಗೆ ತೇರಿನ ಕಳಸವನ್ನು ಮುಟ್ಟಿತು. ನಿಂಬೆಹಣ್ಣಿನ ರಾತ್ರಿಯಲ್ಲಿ ಮಲಗಿದ್ದವನು ನಾನೆಂದೂ, ನನ್ನ ಮೂಗಿಗೆ ಹಣ್ಣು ಹಿಡಿದವರು ತಾವೆಂದೂ ಅವರು ಈಗ ಹೇಳುತ್ತಾರೆ. ಅವರ ಮನೆಯವರು ಒಳಗಿನಿಂದ ಕೆಮ್ಮಿದರೂ ಆ ಪಾಠಾಂತರವು ತಿದ್ದುಪಡಿಯಾಗಿಲ್ಲ.

ಇಂತಹವರು ಜಗಳೂರಿನಲ್ಲಿ ಮಾತ್ರವಲ್ಲ, ಈಗ ಪ್ರತಿ ತಾಲ್ಲೂಕಿನಲ್ಲಿಯೂ ಒಬ್ಬೊಬ್ಬರು ಸಿಕ್ಕುತ್ತಾರೆ. ಹೊನ್ನಾಳಿಯಲ್ಲಿ ಸಿಂಗಪುರದಿಂದ ಬಂದವರೊಬ್ಬರು, ಚನ್ನಗಿರಿಯಲ್ಲಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದವರೊಬ್ಬರು, ತಮ್ಮ ತಮ್ಮ ಹೋಟೆಲುಗಳನ್ನು ಆಳುತ್ತಿದ್ದಾರೆ. ಇವರನ್ನು ಜಂಬಗಾರರೆಂದು ತಳ್ಳಿಹಾಕುವುದು ಸುಲಭ. ನನಗಾದರೋ ಹಾಗೆ ತೋರುವುದಿಲ್ಲ. ಎದುರಿಗಿರುವುದನ್ನು ಎದುರಿಗಿರುವಾಗಲೇ ಕಾಣುವ ಕಣ್ಣು ದೊಡ್ಡ ತಪಸ್ಸಿನ ಫಲ; ಸಾಮಾನ್ಯ ಸಂಸಾರಿಗೆ ಬಿಟ್ಟುಬಂದದ್ದು ಮಾತ್ರ ಕಾಣುತ್ತದೆ. ಶೇಕ್ದಾರರು ಜಗಳೂರಿನ ಅಂದವನ್ನು ಕಂಡುಕೊಂಡದ್ದು ಮಿನಿಕಾಯಿಯ ಹತ್ತಿರ. ಸಮುದ್ರವನ್ನು ಕಂಡುಕೊಂಡದ್ದು ತಾಲ್ಲೂಕು ಕಚೇರಿಯ ಎದುರಿನ ಬೆಂಚಿನ ಮೇಲೆ. ಆ ಎರಡನ್ನೂ ಕಾಣಲು ಅವರಿಗೆ ಹಡಗು ಬೇಕಾಯಿತೆಂದ ಮೇಲೆ ಮಗನು ತೆತ್ತ ಹಣವು ವ್ಯರ್ಥವಾಯಿತೆಂದು ಹೇಳಲಾಗದು.

ಈಗ ಅವರ ಉಪದೇಶದ ಪರಿಣಾಮವಾಗಿ ಹೋಟೆಲಿನ ಖಾಯಂ ಗಿರಾಕಿಗಳಲ್ಲಿ ಮೂವರು ಚೆನ್ನೈಯಿಂದ ಅಂಡಮಾನಿಗೆ ಹೋಗುವ ಹಡಗಿನ ದರಪಟ್ಟಿಯನ್ನು ತರಿಸಿಕೊಂಡಿದ್ದಾರೆ. ಮುಂದಾಳಾಗಿ ಶೇಕ್ದಾರರೇ ಹೊರಡುವರಂತೆ. ಆ ದಿನಗಳಲ್ಲಾದರೂ ನೆಮ್ಮದಿಯಿಂದ ಕುಳಿತು ದಿನಪತ್ರಿಕೆಯನ್ನು ಓದಬಹುದೆಂದು ನಾನು ಹೋಟೆಲಿನ ಯಜಮಾನನೊಡನೆ ಹಿಗ್ಗಿನಿಂದ ಹೇಳಿದೆನು. ಅವನು ಬಾಣಲೆಯಿಂದ ಮೆಣಸಿನಕಾಯಿಯನ್ನು ಎತ್ತುತ್ತ, ತಲೆಯನ್ನು ಎತ್ತದೆ, “ಮೇಷ್ಟ್ರೇ, ಹೋಗೋರು ನಾಲ್ಕು ಜನ ಅಂದ್ಮೇಲೆ ಬರೋರೂ ನಾಲ್ಕು ಜನ ಅಲ್ರೀ? ಒಬ್ರಿಗೇ ನಮ್ಮ ಗತಿ ಹಿಂಗಾಗೇತಿ. ನಾ ಎಲ್ಲಾ ಲೆಕ್ಕ ಹಾಕಿ, ಅಂಗಡಿ ತಮ್ಮನ ಕೈಗೆ ಕೊಟ್ಟು, ಐದ್ನೇ ಟಿಕೀಟು ನನಗೇ ಹೇಳೀನಿ,” ಎಂದನು.